ಕುಂಟುಕುದುರೆಯವಳ ಮೊಮ್ಮಗ

ಮರ ಉರುಳಿದ ಐದು ನಿಮಿಷದೊಳಗೆ ಬುಡಕ್ಕೆ ಔಷಧಿ ಬಳಿಯಬೇಕು. ತಡವಾದರೆ ಟ್ಯಾಮರಿಸ್ಕ್ ಮರ ಸಾಯುವುದಿಲ್ಲ. ಒಂದು ಕಾಂಡ ಕಡಿದಲ್ಲಿ ಇಪ್ಪತ್ತು ಚಿಗುರು ಏಳುತ್ತವೆ. ಅದಕ್ಕೇ ಗರಗಸದವರ ಹಿಂದೆ ಬ್ರಷ್ಷಿನವರು, ಜೋಡಿ ಜೋಡಿಯಾಗಿ. ನನ್ನ ಜೋಡಿ ಲಿಂಡನ್. ಅವನು ಕೊಯ್ಯುತ್ತಿದ್ದ. ನಾನು ಕೊಂಬೆಗಳನ್ನು ಎಳೆದುಹಾಕಿ, ಮೊಣಕಾಲೂರಿ, ನೀಲಿ ಔಷಧಿ ಬಳಿಯುತ್ತಿದ್ದೆ. ಮಣ್ಣು ಕೊಚ್ಚಿಹೋಗದಿರಲಿ ಎಂದು ನನ್ನ ಅಜ್ಜಿಯ ಕಾಲದಲ್ಲಿ ಸರ್ಕಾರವೇ ಇವನ್ನು ನೆಟ್ಟಿತ್ತಂತೆ. ಈಗ ಕಣಿವೆಯ ಹೊಳೆಯನ್ನೇ ಕುಡಿದು ಕೂತಿದ್ದವು.

ಕೆಲಸ ಶುರುವಾದ ದಿನ ಪಿಕಪ್ಪಿನ ಸುತ್ತ ನಿಂತು ಎಂಟು ಜನವೂ ಪರಿಚಯ ಹೇಳಿಕೊಂಡೆವು. ಅಮೆರಿಕದ ಮೂಲನಿವಾಸಿಗಳಾದ ನಮ್ಮ ನವಾಹೊ ಜನರಲ್ಲಿ ಹೆಸರಿನ ಜೊತೆಗೆ ಕುಲವನ್ನೂ ಹೇಳಬೇಕು. ತಾಯಿಯ ಕುಲ ಒಂದೇ ಆಗಿಬಿಟ್ಟರೆ, ಮುಖವನ್ನೇ ನೋಡದವರೂ ಒಡಹುಟ್ಟಿದವರು. ಲಿಂಡನ್‌ನ ಸರದಿ ಬಂದಾಗ ಅವನು ಹೆಸರು ಹೇಳಿ ನಿಲ್ಲಿಸಿಬಿಟ್ಟ.

"ಕುಲ ಗೊತ್ತಿಲ್ಲ," ಎಂದ ಇಂಗ್ಲಿಷಿನಲ್ಲಿ. "ನಾನು ಬೆಳೆದಿದ್ದು ಲಾಸ್ ಏಂಜಲೀಸ್‌ನಲ್ಲಿ. ನಂಗೆ ಒಂಬತ್ತು ವರ್ಷ ಇದ್ದಾಗ್ಲೇ ಅಮ್ಮ ತೀರ್ಕೊಂಡ್ಲು."

ನಮ್ಮ ಗುಂಪಿನಲ್ಲಿ ಎಲ್ಲದಕ್ಕೂ ನಗೆ ಹುಡುಕುವ ತೆರಿಟಾ ಬಾಯಿಬಿಟ್ಟಳು. "ಕೇಳಿಸ್ಕೊಂಡ್ರೇನ್ರೇ? ಕುಲ ಗೊತ್ತಾಗೋವರ್ಗೂ ಯಾರೂ ಇವನ ಮೇಲೆ ಕಣ್ಣು ಹಾಕ್ಬೇಡಿ. ಆಮೇಲೆ ಅಣ್ಣ ಆಗ್ಬಿಟ್ರೆ ನನ್ನ ಕೇಳ್ಬೇಡಿ!"

ನಾನೂ ನಕ್ಕೆ. ನನಗೆ ನಲವತ್ತಾರು. ಗಂಡ ಬಿಟ್ಟುಹೋಗಿ ಹನ್ನೊಂದು ವರ್ಷ. ಕಣ್ಣು ಹಾಕುವ ಕಾಲ ಮುಗಿಯಿತೆಂದು ಮನಸ್ಸಿಗೆ ಯಾವತ್ತೋ ಹೇಳಿಯಾಗಿತ್ತು. ಅದು ಕೇಳಿಸಿಕೊಂಡಿರಲಿಲ್ಲ. ಎರಡು ವಾರ ಕಳೆಯುವಷ್ಟರಲ್ಲಿ, ಗರಗಸ ಇಳಿಸಿದ ಮೇಲೆ ಲಿಂಡನ್ ಕುತ್ತಿಗೆಯ ಬೆವರು ಒರೆಸುವ ರೀತಿ ನನಗೆ ಬಾಯಿಪಾಠವಾಗಿತ್ತು. ಮರ ಬೀಳುತ್ತದೆಂದು ಅವನು ಕೈಯೆತ್ತಿ ಸನ್ನೆ ಮಾಡುವ ಮೊದಲೇ ನಾನು ದೂರ ಸರಿಯುತ್ತಿದ್ದೆ. ಊಟಕ್ಕೆ ಕೂತಾಗ ನನ್ನ ಜೋಳದ ರೊಟ್ಟಿಯಲ್ಲಿ ಅರ್ಧ ಕೇಳದೆಯೇ ಮುರಿದುಕೊಳ್ಳುತ್ತಿದ್ದ. ಮನೆಯಲ್ಲಿ ಹಿಟ್ಟು ಕಲಸುವಾಗ ಒಂದು ಹಿಡಿ ಜಾಸ್ತಿ ಹಾಕತೊಡಗಿದೆ. ಯಾಕೆಂದು ಅಮ್ಮ ಕೇಳಲಿಲ್ಲ.

ಒಂದು ಶುಕ್ರವಾರ ಊಟದ ಹೊತ್ತಿನಲ್ಲಿ ಅವನೇ ಹೇಳಿದ. "ಅಮ್ಮ ಹೇಳಿದ್ದು ಒಂದೇ ನೆನಪು. ಅವಳ ಅಮ್ಮನ್ನ ಇಲ್ಲಿ ಕುಂಟುಕುದುರೆಯವಳು ಅಂತ ಕರೀತಿದ್ರಂತೆ. ಅಷ್ಟನ್ನೇ ಹಿಡ್ಕೊಂಡು ಬಂದೆ. ಯಾರನ್ನ ಕೇಳಿದ್ರೂ ಮಾತು ಬದಲಾಯಿಸ್ತಾರೆ."

ಬದಲಾಯಿಸದೆ ಏನು? ಸತ್ತವರ ಹೆಸರನ್ನು ನಾವು ಎತ್ತುವುದಿಲ್ಲ. ಅದನ್ನು ಅವನಿಗೆ ಹೇಳಿಕೊಡುವವರೂ ಇರಲಿಲ್ಲ.

ಭಾನುವಾರ ಅಮ್ಮ ಬಾಗಿಲ ಬಳಿ ಕೂತು ಉಣ್ಣೆ ಹಿಂಜುತ್ತಿದ್ದಳು. ಬೇರೆ ಕುಲವಾಗಿರಲಿ ಎಂದು ಮನಸ್ಸಿನಲ್ಲೇ ಬೇಡುತ್ತ ಕೇಳಿದೆ.

"ಅಮ್ಮಾ, ಕುಂಟುಕುದುರೆಯವಳು ಅಂತ ಯಾರಾದ್ರೂ ಇದ್ರಾ?"

ಅಮ್ಮನ ಕೈ ನಿಂತಿತು. "ಹೋದೋರ ಹೆಸರು ಯಾಕೆ ತೆಗೀತೀಯೆ?"

"ಹೇಳು, ಒಂದೇ ಸಲ."

"ನಿನ್ನನ್ನ ತೊಟ್ಟಿಲ ಹಲಗೆಗೆ ಮೊದಲು ಕಟ್ಟಿದೋಳೇ ಅವಳು. ನೀನು ನಡೆಯೋ ಹೊತ್ತಿಗೆ ಹೋಗ್ಬಿಟ್ಲು. ನೀನು ಹುಟ್ಟೋಕ್ಕೂ ಎಷ್ಟೋ ಮುಂಚೆ ಅವಳ ಮಗಳನ್ನ ಸರ್ಕಾರದೋರು ಓದಿಸ್ತೀವಿ ಅಂತ ಬಸ್ಸು ಹತ್ತಿಸ್ಕೊಂಡು ಹೋದ್ರು. ಆ ಹುಡುಗಿ ತಿರುಗಿ ಬರ್ಲೇ ಇಲ್ಲ."

"ಯಾವ ಕುಲ?"

"ನಮ್ಮದೇ. ಕಹಿನೀರಿನೋರು. ಯಾಕೆ?"

"ಸುಮ್ನೆ."

"ಸುಮ್ನೆ ಕೇಳೋ ಮುಖ ಅಲ್ಲ ಇದು," ಎಂದು ಅಮ್ಮ ಮತ್ತೆ ಉಣ್ಣೆಗೆ ಕೈ ಹಾಕಿದಳು.

ಸೋಮವಾರ ಹೇಳಲಿಲ್ಲ. ಇದೊಂದು ದಿನ ಇರಲಿ ಎಂದುಕೊಂಡೆ. ಮಂಗಳವಾರವೂ ಹಾಗೆಯೇ ಎಂದುಕೊಂಡೆ. ಕೊಂಬೆ ಎಳೆಯುವಾಗ ಅವನ ನೆರಳು ನನ್ನ ಮೇಲೆ ಬಿದ್ದರೂ ಎದೆ ಹಾರುತ್ತಿತ್ತು, ಹಿಂದೆಯೇ ಹೇಸಿಗೆಯೂ ಆಗುತ್ತಿತ್ತು. ಅವನಿಗೆ ಗೊತ್ತಿಲ್ಲ, ಊರಿಗೆ ಗೊತ್ತಿಲ್ಲ ಎಂದು ಸಮಾಧಾನ ಹೇಳಿಕೊಂಡರೆ, ನಿನಗೆ ಗೊತ್ತಲ್ಲ ಎನ್ನುತ್ತಿತ್ತು ಒಳಗಿನದು.

ಬುಧವಾರ ಗರಗಸಕ್ಕೆ ಎಣ್ಣೆ ಹಾಕುತ್ತ, ನನ್ನ ಮುಖ ನೋಡದೆ ಅವನು ಕೇಳಿದ. "ನಾಡಿದ್ದು ಕೆಲಸ ಮುಗಿಸ್ಕೊಂಡು ಗ್ಯಾಲಪ್‌ಗೆ ಹೋಗೋಣ್ವಾ? ಸಿನಿಮಾ ನೋಡಿ, ಎಲ್ಲಾದ್ರೂ ಕೂತು ಊಟ ಮಾಡಿ... ನಾವಿಬ್ರೇ."

ಹನ್ನೊಂದು ವರ್ಷದಲ್ಲಿ ನನ್ನನ್ನು ಯಾರೂ ಹಾಗೆ ಕರೆದಿರಲಿಲ್ಲ.

"ನೋಡೋಣ," ಎಂದೆ. ಆ ಸಂಜೆ ಪೆಟ್ಟಿಗೆಯಿಂದ ಹಸಿರುಕಲ್ಲಿನ ಓಲೆ ತೆಗೆದು, ಹಾಕಿಕೊಂಡು ನೋಡಿ, ಮತ್ತೆ ಬಿಚ್ಚಿಟ್ಟೆ.

ಗುರುವಾರ ನಾವು ಕೊಯ್ಯುತ್ತಿದ್ದ ಕಡೆಗೆ ಒಬ್ಬ ಅಜ್ಜಿ ಆಡು ಹೊಡೆದುಕೊಂಡು ಬಂದಳು. ನಮ್ಮ ನವಾಹೊ ಮಾತು ಬಿಟ್ಟರೆ ಬೇರೆ ಬಾರದವಳು. ಬಯಲಾದ ಹೊಳೆಯನ್ನು ಸ್ವಲ್ಪ ಹೊತ್ತು ನೋಡಿದಳು. ಆಮೇಲೆ ಲಿಂಡನ್‌ನನ್ನು ನೋಡಿದಳು, ಬಹಳ ಹೊತ್ತು.

"ಯಾರ ಮಗನಪ್ಪಾ ನೀನು?"

ಅವನು ನನ್ನ ಕಡೆ ತಿರುಗಿದ. "ಏನಂತೆ?"

"ಯಾರ ಮಗ ಅಂತ ಕೇಳ್ತಿದಾರೆ."

ಅವನು ಹೆಲ್ಮೆಟ್ ತೆಗೆದು ಕೈಯಲ್ಲಿ ಹಿಡಿದುಕೊಂಡ. ಐವತ್ತರ ಗಂಡಸು, ಪಾಠ ಒಪ್ಪಿಸಲಾಗದ ಹುಡುಗನ ಹಾಗೆ ನಿಂತಿದ್ದ. "ಗೊತ್ತಿಲ್ಲ ಅಂತ ಹೇಳು. ಕ್ಷಮಿಸ್ಬೇಕು ಅಂತ್ಲೂ ಹೇಳು."

ನಾನು ಮುಚ್ಚಿಟ್ಟುಕೊಂಡದ್ದಕ್ಕೆ ಅವನು ಕ್ಷಮೆ ಕೇಳುತ್ತಿದ್ದ. ಆ ಮಾತನ್ನು ನನ್ನ ಬಾಯಿಂದಲೇ ಆಡಿಸುತ್ತಿದ್ದ.

"ಇವನು ಕಹಿನೀರಿನ ಕುಲದೋನು, ಅಜ್ಜಿ," ಎಂದೆ ನಮ್ಮ ಮಾತಿನಲ್ಲಿ. "ಕುಂಟುಕುದುರೆಯವಳ ಮಗಳ ಮಗ."

ಹೋದವರ ಹೆಸರು ತೆಗೆದದ್ದಕ್ಕೆ ಅಜ್ಜಿ ಬೈಯಲಿಲ್ಲ. ಕೋಲು ಕೆಳಗೆ ಬಿಟ್ಟು, ಎರಡೂ ಕೈಯಿಂದ ಅವನ ಕೈ ಹಿಡಿದುಕೊಂಡಳು. "ಅದೇ ಹಣೆ ನೋಡು... ನಿನಗೇನಾಗ್ಬೇಕಮ್ಮ ಇವನು?"

"ನಾನೂ ಕಹಿನೀರಿನವಳೇ. ನನಗೆ ಅಣ್ಣ."

"ಗೊತ್ತಿಲ್ಲ ಅನ್ನೋದಕ್ಕೆ ಇಷ್ಟುದ್ದ ಹೇಳ್ಬೇಕಾ?" ಲಿಂಡನ್ ಪಿಸುಗುಟ್ಟಿದ. "ಯಾಕೆ ಅಳ್ತಿದಾರೆ ಇವರು?"

ನಾನು ಇಂಗ್ಲಿಷಿನಲ್ಲಿ ಹೇಳಿದೆ. ಮೊದಲನೆಯ ಸಲ ಅವನ ತಲೆಗೆ ಹೋಗಲಿಲ್ಲ. ಎರಡನೆಯ ಸಲ ಹೇಳಿದಾಗ ಅಲ್ಲೇ ಮರಳಿನ ಮೇಲೆ ಕೂತುಬಿಟ್ಟ. ನಕ್ಕ, ಅತ್ತ, ತೋಳಿನಿಂದ ಮೂಗು ಒರೆಸಿಕೊಂಡ.

"ನಿಂಗೆ ಯಾವಾಗಿಂದ ಗೊತ್ತು?"

"ಭಾನುವಾರದಿಂದ."

ಅವನು ನನ್ನ ಮುಖ ನೋಡಿದ. ನಾಲ್ಕು ದಿನ ಯಾಕೆ ಸುಮ್ಮನಿದ್ದೆನೆಂದು ಅವನಿಗೆ ತಿಳಿದದ್ದು ನನಗೂ ತಿಳಿಯಿತು. ನಾಳೆಯ ಸಿನಿಮಾದ ಮಾತನ್ನು ಇಬ್ಬರೂ ಎತ್ತಲಿಲ್ಲ. ಅಜ್ಜಿಯ ಆಡುಗಳು ಕಡಿದ ಕೊಂಬೆಗಳ ನಡುವೆ ಏನನ್ನೋ ಮೂಸುತ್ತಿದ್ದವು.

"ತಂಗೀನ ಏನಂತ ಕರೀತಾರೆ," ಕಡೆಗೆ ಅವನು ಕೇಳಿದ, "ನಮ್ಮ ಮಾತಲ್ಲಿ?"

ಹೇಳಿದೆ. ಅವನ ನಾಲಿಗೆ ಹೊರಳಲಿಲ್ಲ. ಅಜ್ಜಿ ಅಳು ನಿಲ್ಲಿಸಿ ನಕ್ಕಳು. ಅವನ ತುಟಿಯನ್ನೇ ನೋಡುತ್ತ ಬಿಡಿಸಿ ಬಿಡಿಸಿ ಹೇಳಿಕೊಟ್ಟೆ. ಮೂರನೆಯ ಸಲಕ್ಕೆ ಸರಿಯಾಗಿ ಬಂತು. ಹತ್ತಿರದಲ್ಲೇ ಇದ್ದರೂ, ದೂರದವರನ್ನು ಕೂಗುವಂತೆ ಜೋರಾಗಿ ಕರೆದ.

"ಓ," ಎಂದು ಓಗೊಟ್ಟೆ.