ಗೊಂಬೆಗೆ ಹೊದಿಸಿದ ಶಾಲು

"ಕೆನ್ನೆಗೆ ಬಣ್ಣ ಬೇರೆ ಕೇಡು ಇವಳಿಗೆ!" ಎಂದು ಗೊಣಗಿದಳು ಕಾವಲುಗಾರನ ಹೆಂಡತಿ, ಮ್ಯೂಸಿಯಮ್ಮಿನ ಬಾಗಿಲ ಸಂದಿಯಲ್ಲಿ ಇಣುಕುತ್ತ.

ಒಳಗೆ ಅವಳ ಗಂಡ ನೂಲುವ ಹೆಂಗಸಿನ ಗೊಂಬೆಯ ಮುಂದೆ ಮೊಣಕಾಲೂರಿ, ಮೆತ್ತನೆಯ ಕುಂಚದಿಂದ ಅದರ ರೆಪ್ಪೆಯ ಧೂಳು ಕೊಡವುತ್ತಿದ್ದ. ಊರಿನ ಹಳೆಯ ರಾಟೆ, ಬೀಗ, ತಕ್ಕಡಿ ಎಲ್ಲ ಅಲ್ಲಿ ರಾಶಿ ಬಿದ್ದಿದ್ದವು. ಅವಕ್ಕೆ ಹರಕು ಬಟ್ಟೆಯ ಒಂದೇಟು ಸಾಕಿತ್ತು. ರೆಪ್ಪೆಯ ಉಪಚಾರ ಇವಳೊಬ್ಬಳಿಗೇ. ಮನೆಯಲ್ಲಿ ಹೆಂಡತಿಯ ಕಣ್ಣಿಗೆ ಆನೆ ಬಿದ್ದರೂ ಪೇಪರಿನಿಂದ ತಲೆ ಎತ್ತುವ ಗಂಡಸಲ್ಲ ಅವನು.

"ಅಕ್ಕಾ, ನಿಮ್ಮ ಯಜಮಾನ್ರು ದಿನಾ ಅವಳ ಹತ್ರ ಮಾತಾಡ್ತಾರೆ ಕಣ್ರೀ" ಎಂದು ಟಿಕೆಟ್ ಕೊಡುವವಳು ನಿನ್ನೆ ಅಂಗಡಿಯಲ್ಲಿ ಹಲ್ಲು ಕಿರಿದಿದ್ದಳು. ಆಗ ಹೊಟ್ಟೆಯಲ್ಲಿ ಹತ್ತಿದ ಉರಿಯಲ್ಲಿ ಇಡೀ ಬೀದಿಯವರು ಸ್ನಾನದ ನೀರು ಕಾಯಿಸಿಕೊಳ್ಳಬಹುದಿತ್ತು.

ಊಟದ ಡಬ್ಬಿಯ ನೆಪದಲ್ಲಿ ಒಳಗೆ ನುಗ್ಗಿದವಳು ಗಕ್ಕನೆ ನಿಂತಳು. ಗೊಂಬೆಯ ಹೆಗಲ ಮೇಲೆ ಕೆಂಪು ಶಾಲು. ಅಂಚಿನಲ್ಲಿ ಒಲೆಯ ಕಿಡಿ ಹಾರಿ ಸುಟ್ಟ ತೂತು. ಮದುವೆಯಾದ ಹೊಸದರಲ್ಲಿ ಇದೇ ಗಂಡ ಅವಳಿಗೆಂದೇ ತಂದದ್ದು. ಪೆಟ್ಟಿಗೆಯಿಂದ ಅದು ಮಾಯವಾದಾಗ ಅವಳು ಲೋಕದ ಇಲಿಗಳಿಗೆಲ್ಲ ಶಾಪ ಹಾಕಿದ್ದಳು.

"ರೀ, ಇದು ನಂದು!"

ಗಂಡ ಕುಂಚವನ್ನು ಬೆನ್ನ ಹಿಂದೆ ಬಚ್ಚಿಟ್ಟ. "ನೀನು ಹೊದೀತಾನೇ ಇರಲಿಲ್ವಲ್ಲ. ಸಾಹೇಬ್ರು ಹಳೇ ಶಾಲು ಬೇಕು ಅಂದ್ರು..."

"ಅದಕ್ಕೆ ತಂದು ಇವಳಿಗೆ ಹೊದಿಸಿದ್ರಾ? ಕೊಡಿ ಇತ್ಲಾಗೆ."

"ಆಗಲ್ಲ ಕಣೇ. ನಂಬರ್ ಹಾಕಿ ಆಯ್ತು, ಈಗದು ಮ್ಯೂಸಿಯಮ್ದು. ಏ, ಬರಿಗೈಲಿ ಮುಟ್ಬೇಡ! ಬೆವರು ಹತ್ತಿದ್ರೆ ಹಾಳಾಗುತ್ತೆ. ಗ್ಲೌಸ್ ಇಲ್ದೆ ನಾನೂ ಮುಟ್ಟಂಗಿಲ್ಲ."

ಪಕ್ಕದ ಫಲಕದಲ್ಲಿ 'ಹಳೆಯ ಕಾಲದ ಹೆಂಗಸಿನ ಶಾಲು' ಎಂದು ಬರೆದಿತ್ತು. ಅವಳು ಅಕ್ಷರ ಕೂಡಿಸಿ ಓದಿದಳು. "ಯಾರು ಹಳೇ ಕಾಲದವಳು? ನಾನಾ? ಇವಳಿಗೆ ಮಾತ್ರ ಇನ್ನೂ ಹದಿನೆಂಟು!"

"ಅವಳೇನು ಮಾಡಿದ್ಲು, ಪಾಪ?"

ಆ 'ಪಾಪ' ಒಂದೇ ಸಾಕಾಯಿತು. ತಾನು ಜ್ವರದಲ್ಲಿ ಬೆಂದು ಮಲಗಿದಾಗಲೂ ಈ ಬಾಯಿಂದ ಅಂಥದ್ದೊಂದು ಉದುರಿರಲಿಲ್ಲ.

"ಕೊಡಿ ಆ ಗ್ಲೌಸು" ಎಂದಳು.

"ಯಾಕೆ?"

"ಸರಿಯಾಗಿ ಹೊದಿಸ್ತೀನಿ. ಚಳಿ ಆಗುತ್ತೆ, ಪಾಪ."

ಅವನು ಜೇಬಿನಿಂದ ಬಿಳಿ ಕೈಗವಸು ತೆಗೆದುಕೊಟ್ಟ. ಅವಳು ಒಂದೊಂದೇ ಬೆರಳು ತೂರಿಸಿ ಹಾಕಿಕೊಂಡಳು. ಶಾಲನ್ನು ಎತ್ತಿ, ಗೊಂಬೆಯ ತಲೆ, ಹಣೆ, ಕಣ್ಣು, ಆ ಕೆಂಪು ಕೆನ್ನೆ ಎಲ್ಲ ದಾಟಿಸಿ ಗಲ್ಲದವರೆಗೆ ಇಳಿಬಿಟ್ಟಳು.

"ಅಯ್ಯೋ, ಸಾಹೇಬ್ರು ಕೇಳಿದ್ರೆ?"

"ಹಳೇ ಕಾಲದಲ್ಲಿ ಹಿಂಗೇ ಹೊದೀತಿದ್ರು ಅನ್ನಿ. ನಂಬದಿದ್ರೆ ನನ್ನ ಕರೀರಿ, ಬಂದು ಹೇಳ್ತೀನಿ."

ಕೈಗವಸು ತೆಗೆಯದೆಯೇ ಅವಳು ಮೆಟ್ಟಿಲಿಳಿದು ಹೋದಳು. ಮುಖವಿಲ್ಲದ ಗೊಂಬೆಯ ಮುಂದೆ ಗಂಡ ಕುಂಚ ಕೆಳಗಿಟ್ಟು, ತನ್ನ ಬರಿಗೈಗಳನ್ನು ತಿರುಗಿಸಿ ತಿರುಗಿಸಿ ನೋಡಿಕೊಂಡ.