ತಣ್ಣೀರಿನಲ್ಲಿ ಒಗೆದ ಹಾಸು

ಒಂಬತ್ತು ಅಂತಸ್ತಿನ ಆ ಆಸ್ಪತ್ರೆಯ ನೆಲಮಾಳಿಗೆಯಲ್ಲಿ ಬಟ್ಟೆ ಒಗೆಯುವ ವಿಭಾಗವಿತ್ತು. ಅಲ್ಲಿ ಹತ್ತೊಂಬತ್ತು ವರ್ಷದಿಂದ ದುಡಿಯುತ್ತಿದ್ದ ಹೆಂಗಸನ್ನು ಎಲ್ಲರೂ ಅಕ್ಕ ಎಂದೇ ಕರೆಯುತ್ತಿದ್ದರು. ವಾರ್ಡುಗಳಿಂದ ಬರುವ ಚೀಲಗಳನ್ನು ಬಿಚ್ಚಿ, ರಕ್ತದ್ದು ಬೇರೆ, ಮಲದ್ದು ಬೇರೆ ಮಾಡಿ ಯಂತ್ರಕ್ಕೆ ತುಂಬುವುದು ಅವಳ ಕೆಲಸ. ಹಾಸಿನ ಮಡಿಕೆಯಲ್ಲಿ ಕೀವು ಹತ್ತಿದ ಬ್ಯಾಂಡೇಜು, ಉದುರಿದ ಹಲ್ಲು, ಅರ್ಧ ತಿಂದ ಬ್ರೆಡ್ಡು ಏನು ಬೇಕಾದರೂ ಸಿಗುತ್ತಿತ್ತು. ಅವಳಿಗೆ ಅಸಹ್ಯವೆನಿಸುತ್ತಿರಲಿಲ್ಲ. ಮೈ ಅಂದಮೇಲೆ ಸೋರುತ್ತೆ, ಕುದಿಯೋ ನೀರಿಗೆ ಹಾಕಿದರೆ ಮುಗೀತು ಎನ್ನುತ್ತಿದ್ದಳು.

ಬಾಯ್ಲರ್ ಕೆಟ್ಟಾಗ ಆ ಕುದಿಯುವ ನೀರೇ ನಿಂತುಹೋಯಿತು. ಮೇಲ್ವಿಚಾರಕ ಆಡಳಿತದವರಿಗೆ ಬರೆದ. ಹೊಸ ಕಟ್ಟಡದ ಉದ್ಘಾಟನೆ ಮುಗಿಯಲಿ, ಅಲ್ಲಿಯವರೆಗೆ ಹೇಗೋ ಸಂಭಾಳಿಸಿ ಎಂದು ಉತ್ತರ ಬಂತು. ತಣ್ಣೀರಿನಲ್ಲಿ ಕಲೆ ಹೋಗುತ್ತಿತ್ತು, ವಾಸನೆ ಹೋಗುತ್ತಿರಲಿಲ್ಲ. ಅರೆಬರೆ ಒಣಗಿದ ಹಾಸುಗಳನ್ನು ಮಡಿಸಿಟ್ಟರೆ ಹಳಸಿದ ಅನ್ನದ ಹಾಗೆ ಹುಳಿ ನಾತ. ಅದಕ್ಕೆ ಮೇಲ್ವಿಚಾರಕ ಪರಿಮಳದ ದ್ರಾವಣವನ್ನು ಎರಡು ಪಟ್ಟು ಸುರಿಯಲು ಹೇಳಿದ. ಅಂದಿನಿಂದ ಅವನಿಗೆ ‘ಸೆಂಟ್ ಸಾರ್’ ಎಂಬ ಹೆಸರು ಬಿತ್ತು. ಮೇಲೆ ಥಳುಕು, ಒಳಗೆ ಹುಳುಕು ಎಂದು ಇಸ್ತ್ರಿಯವರು ನಕ್ಕರು. ಅಕ್ಕನೂ ನಕ್ಕಳು. ಮೊದಲ ವಾರ ಎರಡು ಸಲ ತಕರಾರು ಮಾಡಿ, ಆಮೇಲೆ ಬಾಯಿಗೆ ಬೀಗ ಹಾಕಿಕೊಂಡಳು.

ಆರನೆಯ ವಾರ ಅವಳ ತಂಗಿಗೆ ಗರ್ಭಕೋಶದ ಆಪರೇಷನ್ ಅಲ್ಲೇ ಆಯಿತು. ನೌಕರರ ಮನೆಯವರಿಗೆ ಬೇಗ ದಿನ ಕೊಡುತ್ತಿದ್ದರು, ಅಕ್ಕನೇ ಓಡಾಡಿ ಸೇರಿಸಿದ್ದಳು. ಮಾರನೆಯ ಮಧ್ಯಾಹ್ನ ನೋಡಲು ಹೋದರೆ ತಂಗಿ ಹೊದಿಕೆಯನ್ನು ಕೆನ್ನೆಗೆ ಒತ್ತಿಕೊಂಡು ಮಲಗಿದ್ದಳು.

“ಎಷ್ಟು ಘಮ್ ಅಂತಿದೆ ನೋಡಕ್ಕ. ನೀನೇ ಒಗ್ದಿದ್ದಾ?”

ಆ ಘಮದ ಅಡಿಯಲ್ಲಿ ಹುಳಿ ನಾತ ಅಕ್ಕನ ಮೂಗಿಗೆ ಹೊಡೆಯುತ್ತಿತ್ತು. ಅವಳು ನೆಲಮಾಳಿಗೆಗೆ ಇಳಿದು, ತನ್ನ ತಂಗಿ ನಾಲ್ಕನೇ ಮಹಡಿಯಲ್ಲಿದ್ದಾಳೆ ಎಂದು ಮೇಲ್ವಿಚಾರಕನಿಗೆ ತಿಳಿಸಿದಳು. ಅವನು ಬೀಗದ ಕೈಗೊಂಚಲು ತೆಗೆದ.

“ಮೊದ್ಲೇ ಹೇಳ್ಬಾರ್ದಿತ್ತಾ ಅಕ್ಕ? ನಮ್ಮವರಿಗೆ ಅಂತ ಒಂದಷ್ಟು ಹೊರಗಡೆ ಬಿಸಿನೀರಲ್ಲಿ ಒಗೆಸಿ ಇಟ್ಟಿದೀನಿ. ಆಡಳಿತದವರ ಮನೆಯವ್ರು ಬಂದ್ರೂ ಇದೇ ಹೋಗೋದು.”

ಕಪಾಟಿನಲ್ಲಿ ಗರಿಗರಿಯಾದ ಹಾಸುಗಳನ್ನು ಪೇರಿಸಿಡಲಾಗಿತ್ತು. ಯಾವ ವಾಸನೆಯೂ ಇರಲಿಲ್ಲ. ಅಂದರೆ ಇವರಿಗೆಲ್ಲ ಗೊತ್ತಿತ್ತು. ಅವನ ಮುಖಕ್ಕೆ ಉಗಿಯಬೇಕೆನಿಸಿತು. ಆದರೂ ಕೈ ಚಾಚಿ ಎರಡು ಹಾಸು ತೆಗೆದುಕೊಂಡಳು.

ತಂಗಿಯ ಅಡಿಯ ಹಾಸು ಬದಲಾಯಿಸುತ್ತಿದ್ದಾಗ ಪಕ್ಕದ ಮಂಚದ ವಯಸ್ಸಾದ ಹೊಲಿಗೆ ಟೀಚರ್ ಕೇಳಿದರು.

“ನಂದೂ ಬದಲಾಯಿಸ್ತೀಯೇನಮ್ಮ? ಗಾಯ ಯಾಕೋ ಒಸರ್ತಾ ಇದೆ. ಬಟ್ಟೆಯೆಲ್ಲ ಅಂಟುತ್ತೆ.”

ಅಕ್ಕ ತಂಗಿಗೆ ಹೊದಿಸಲೆಂದು ತಂದಿದ್ದ ಇನ್ನೊಂದು ಹಾಸನ್ನೇ ಅವರಿಗೆ ಹಾಸಿದಳು. ತಲೆ ಎತ್ತಿದರೆ ವಾರ್ಡಿನಲ್ಲಿ ಇನ್ನೂ ಹದಿನಾರು ಮಂಚ. ಪ್ರತಿಯೊಂದರ ಮೇಲೂ ಅವಳೇ ಮಡಿಸಿದ ಹಾಸು. ಕೈತೊಳೆಯುವ ಬೇಸಿನ್ನಿಗೆ ಹೋಗಿ ವಾಂತಿ ಮಾಡಿಕೊಂಡಳು. ಬಾಯಿ ಒರೆಸಿಕೊಳ್ಳಲು ತನ್ನ ಸೆರಗು ಎತ್ತಿದರೆ ಅದಕ್ಕೂ ಅದೇ ಪರಿಮಳ.

ಅಲ್ಲಿಂದ ನೇರವಾಗಿ ಸೋಂಕು ತಡೆ ನೋಡಿಕೊಳ್ಳುವ ನರ್ಸಿನ ಕೋಣೆಗೆ ಹೋದಳು.

“ಆರು ವಾರದಿಂದ ತಣ್ಣೀರಲ್ಲಿ ಒಗೀತಿದೀವಿ ಸಿಸ್ಟರ್. ನಾನೂ ಒಗ್ದಿದೀನಿ. ಬರ್ಕೊಳ್ಳಿ, ಹೆಬ್ಬೆಟ್ಟು ಬೇಕಾದ್ರೂ ಒತ್ತೀನಿ.”

ನರ್ಸ್ ಸೋಂಕಿನ ದಾಖಲೆ ಪುಸ್ತಕ ತೆರೆದರು. ಆ ತಿಂಗಳು ಒಂಬತ್ತು ಜನರ ಗಾಯ ಕೀವು ಕಟ್ಟಿತ್ತು. ಡ್ರೆಸ್ಸಿಂಗ್ ಮಾಡುವ ಹುಡುಗಿಯರು ಕೈ ತೊಳೆಯುವುದಿಲ್ಲ ಎಂದು ಅವರು ದಿನಾ ಬೈಯುತ್ತಿದ್ದರಂತೆ. ಸಂಜೆಯೊಳಗೆ ವಾರ್ಡಿನ ಹಾಸುಗಳ ತುಣುಕು ಪರೀಕ್ಷೆಗೆ ಹೋಯಿತು. ಫಲಿತಾಂಶ ಬಂದ ಮೂರನೇ ದಿನಕ್ಕೆ ಬಾಯ್ಲರ್ ರಿಪೇರಿಯಾಯಿತು.

ವಿಚಾರಣೆ ನಡೆಯಿತು. ಒಗೆಯುವ ಸಿಬ್ಬಂದಿಯ ನಿರ್ಲಕ್ಷ್ಯ ಎಂದು ವರದಿ ಬರೆದರು. ಅಕ್ಕನಿಗೆ ನೋಟಿಸು ಕೊಟ್ಟರು, ನರ್ಸ್ ಪಟ್ಟು ಹಿಡಿದು ಜಗಳವಾಡಿದ್ದರಿಂದ ಕೆಲಸ ಉಳಿಯಿತು. ಸೆಂಟ್ ಸಾರ್‌ನನ್ನು ರೋಗಿಗಳ ಅಡುಗೆಮನೆಗೆ ವರ್ಗ ಮಾಡಿದರು. ಅದನ್ನು ಕೇಳಿದ ದಿನ ಅಕ್ಕನಿಗೆ ಊಟ ಸೇರಲಿಲ್ಲ.

ತಂಗಿಗೆ ವಾಸಿಯಾಯಿತು. ಮನೆಗೆ ಹೊರಡುವಾಗ ಅವಳು ಕೇಳಿದ್ದು ಒಂದೇ ಮಾತು: “ಗೊತ್ತಿದ್ದೂ ನನ್ನ ಇಲ್ಲಿಗೇ ಸೇರಿಸ್ದೆಯಾ?” ಈಗಲೂ ಅಕ್ಕ ಫೋನ್ ಮಾಡಿದರೆ ತಂಗಿಯ ಗಂಡನೇ ಮಾತಾಡುತ್ತಾನೆ.

ಹೊಲಿಗೆ ಟೀಚರಿಗೆ ಮತ್ತೆ ಗಾಯ ಬಿಚ್ಚಿ ಕೀವು ತೆಗೆಯಬೇಕಾಯಿತು. ಅವರು ಎದ್ದು ಕೂರುವಂತಾದ ಮೇಲೆ ಅಕ್ಕ ಹೋಗಿ ಪಕ್ಕದಲ್ಲಿ ಕೂತಳು. ಒಳ್ಳೆಯ ಹಾಸು ಕೊಟ್ಟವಳು ಎಂದು ಅವರು ಅಕ್ಕರೆಯಿಂದ ಅವಳ ಕೈ ಹಿಡಿದುಕೊಂಡರು. ಅಕ್ಕ ಎಲ್ಲವನ್ನೂ ಹೇಳಿದಳು, ತಾನು ನಕ್ಕದ್ದನ್ನೂ ಬಿಡಲಿಲ್ಲ. ಟೀಚರ್ ಮೆಲ್ಲಗೆ ಕೈ ಬಿಡಿಸಿಕೊಂಡು, ಅಂಗೈಯನ್ನು ಹೊದಿಕೆಗೆ ಒರೆಸಿಕೊಂಡರು.