ಗದಿಗೆವ್ವ ಭೂತಾನದ ಲಾಮಾ ಆದದ್ದು

ಗದಿಗೆವ್ವ ಹಲಗೇರಿಯಿಂದ ಬ್ಯಾಡಗಿಗೆ ಸೊಸಿಯಾಗಿ ಬಂದು ಐವತ್ತು ವರ್ಷ ಆಗಿತ್ತು, ಆದರ ಆಕಿ ಮೂಗಿಗೆ ಮಾತ್ರ ಇನ್ನೂ ಬ್ಯಾಡಗಿ ಒಗ್ಗಿರಲಿಲ್ಲ. ಮೆಣಸಿನಕಾಯಿ ಸೀಜನ್ ಬಂತಂದರ ದಿನಾ ಮುಂಜಾನಿ ಎದ್ದಕೂಡಲೆ ಸೀನಾಕ ಸುರು ಮಾಡಾಕಿ. ಒಂದ ಎರಡ ಅಲ್ಲ, ಸಾಲಾಗಿ, ಕಿಡಕಿ ಬಾಗಲಾ ನಡಗೂಹಂಗ. ಆ ಸೀನ ಕೇಳಿ ಓಣಿಯವರು ಚಾಕ್ಕ ನೀರ ಇಡತಿದ್ದರು. ನಮ್ಮ ಬ್ಯಾಡಗಿ ಕಾಯಿ ಬರೇ ಬಣ್ಣಕ್ಕ, ಖಾರ ಇಲ್ಲ ಅಂತ ಹೊರಗಿನ ಮಂದಿ ಹೇಳತಾರಲ್ಲ, ಅವರನ್ನ ಕರಕೊಂಡ ಬಂದು ಮಾರ್ಚ್ ತಿಂಗಳದಾಗ ಆ ಮನಿ ಮಾಳಿಗಿ ಖೋಲಿಯೊಳಗ ಕುಂದ್ರಸಬೇಕು. ಆಮ್ಯಾಲೆ ಮಾತಾಡಲಿ.

ಆ ಮನಿಯೊಳಗ ಗದಿಗೆವ್ವನ ಹೂಂ ಇಲ್ಲದ ಏನೂ ನಡೀತಿದ್ದಿಲ್ಲ. ಗಂಡ ಸತ್ತ ಮ್ಯಾಲೆ ಕೀಲಿಕೈ ಗೊಂಚಲಾ ಆಕಿ ಸೊಂಟಕ್ಕ ಬಂದಿತ್ತು. ದೊಡ್ಡ ಮಗಾ ವಿಜಯಮಹಾಂತೇಶ ಪ್ಯಾಟಿಯೊಳಗ ದಲಾಲಿ ಅಂಗಡಿ ನೋಡತಿದ್ದಾ, ಸಣ್ಣ ಮಗಾ ಶಶಿಕಾಂತ ಅಣ್ಣ ಹೇಳಿದ್ದಕ್ಕ ತಲಿ ಹಾಕತಿದ್ದಾ. ಈ ಶಶಿಕಾಂತನ ಹೇಣ್ತಿನ ಸುಧಾರಾಣಿ. ಹಾವೇರಿ ಹುಡುಗಿ, ಇತಿಹಾಸದಾಗ ಎಂ.ಎ. ಮಾಡಿದಾಕಿ. ಗುತ್ತಲದ ಒಂದ ಕಾಲೇಜಿನವರು ಎರಡ ವರ್ಷದಿಂದ ಪಾಠ ಹೇಳಾಕ ಬರ್ರಿ ಅಂತ ಕರಿಯಾಕತ್ತಿದ್ದರು. ಎರಡ ವರ್ಷದಿಂದ ಗದಿಗೆವ್ವ "ನೋಡೋಣೇಳ" ಅನ್ನಾಕತ್ತಿದ್ದಳು. ಈ ಸಲ ಕಾಲೇಜಿನವರು, ಮಾರ್ಚ್ ಮುಗಿಯೂದರೊಳಗ ಹೇಳ್ರಿ, ಇಲ್ಲಂದರ ಬ್ಯಾರೆಯವರನ್ನ ತಗೋತೇವಿ ಅಂತ ಕಡೀ ಮಾತ ಹೇಳಿ ಕಳಿಸಿದ್ದರು. ಸುಧಾರಾಣಿಗೆ ನಿದ್ದಿ ಹತ್ತತಿದ್ದಿಲ್ಲ. ಆ ಒಂದ ಹೂಂ ಸಿಗಲಿಲ್ಲಂದರ ಜನ್ಮ ಪೂರ್ತಿ ತೊಟ್ಟ ಮುರಕೋತ ಕುಂದ್ರೂದ ಗತಿ ಅಂತ ಆಕಿಗೆ ಖಾತ್ರಿ ಆಗಿತ್ತು.

ತೊಟ್ಟ ಅಂದರ ಮೆಣಸಿನಕಾಯಿ ತೊಟ್ಟ. ಮಧ್ಯಾಹ್ನ ಅತ್ತಿ ಸೊಸಿ ಕೂಡಿ ಕುಂತು ಮನಿ ಖರ್ಚಿನ ಕಾಯಿ ತೊಟ್ಟ ತಗೀತಿದ್ದರು. ಕೈ ನಡದಿರತಿತ್ತು, ಬಾಯಿಗೆ ಕೆಲಸ ಬೇಕಲ್ಲ. ಅವತ್ತ ಸುಧಾರಾಣಿ ಪೇಪರಿನಾಗ ಓದಿದ ಭೂತಾನದ ಸುದ್ದಿ ತಗದಳು. ಹಿಮಾಲಯದಾಗಿನ ಸಣ್ಣ ಬೌದ್ಧ ರಾಜ್ಯ. ಅಲ್ಲಿ ಮಂದಿ ಮೆಣಸಿನಕಾಯಿದ ಪಲ್ಯಾ ಮಾಡಿಕೊಂಡು ತಿಂತಾರ ಅಂದಕೂಡಲೆ ಗದಿಗೆವ್ವಗ ಆ ಊರು ಬೀಗರ ಊರಾತು.

"ಅಲ್ಲಿ ರಾಜಾ ತಾನ ಗಾದಿ ಬಿಟ್ಟು ಇಳದಾನ್ರಿ ಅತ್ತಿ. ಈಗ ನೀವ ವೋಟ ಹಾಕಿ ಆರಿಸಿಕೊಳ್ರಿ ಅಂತ ಹೇಳಿದರ, ಬ್ಯಾಡ್ರಿ, ನೀವ ಇರ್ರಿ ಅಂತ ಮಂದಿ ಅತ್ತರಂತ."

"ಅಳಲಾರದ ಏನ ಮಾಡತಾರ. ಹುಕುಂ ಮಾಡವರ ಇದ್ದರ ಉಳದವರಿಗೆ ತಲಿಬ್ಯಾನಿ ಇಲ್ಲ," ಅಂತ ಗದಿಗೆವ್ವ ಸೊಂಟದ ಕೀಲಿಕೈ ಮುಟ್ಟಿ ನೋಡಿಕೊಂಡಳು.

ಆಮ್ಯಾಲೆ ಸುಧಾರಾಣಿ ಹಳೇ ಕತಿ ಹೇಳಿದಳು. ಸುಮಾರ ನಾಕನೂರ ವರ್ಷದ ಹಿಂದ ಟಿಬೆಟ್ಟಿನಿಂದ ಓಡಿ ಬಂದ ಒಬ್ಬ ದೊಡ್ಡ ಲಾಮಾ, ಗುಡ್ಡಕ್ಕೊಂದ ಕೋಟಿ ಕಟ್ಟಿಸಿ, ಬಡದಾಡೂ ಸರದಾರರನ್ನ ಹದ್ದಬಸ್ತಿನಾಗ ಇಟ್ಟು, ಆ ರಾಜ್ಯಾ ಒಂದ ಮಾಡಿದನಂತ. ಗದಿಗೆವ್ವ ಮನಸಿನಾಗ ಅವಗ ಮುಂಡಗೋಡದ ಲಾಮಾಗಳ ಕೆಂಪ ಅರಿವಿ ಉಡಿಸಿದಳು. ಮುಂದ ಅವಾ ಧ್ಯಾನಕ್ಕ ಕುಂದ್ರತೇನಿ ಅಂತ ಕೋಟಿಯೊಳಗ ಬಾಗಲಾ ಹಾಕ್ಕೊಂಡಾ. ಒಳಗ ಸತ್ತಾ. ಸತ್ತ ಸುದ್ದಿ ಹೊರಗ ಬಿದ್ದರ ರಾಜ್ಯಾ ಚೂರಚೂರ ಆಗತೈತಿ ಅಂತ ಸೇವಾದವರು ಅದನ್ನ ಐವತ್ತು ವರ್ಷ ಬಚ್ಚಿಟ್ಟರು.

ಗದಿಗೆವ್ವನ ಕೈ ನಿಂತುಬಿಟ್ಟಿತು. "ಐವತ್ತು ವರ್ಷ? ಯಾರಿಗೂ ಗೊತ್ತಾಗಲಿಲ್ಲ?"

"ಊಟ ಒಳಗ ಹೋಗತಿತ್ತಂತರಿ, ಹುಕುಂ ಹೊರಗ ಬರತಿತ್ತಂತ."

"ಊಟ ಯಾರ ಉಂತಿದ್ದರ?"

"ಅದನ್ನ ಇತಿಹಾಸದಾಗ ಬರದಿಲ್ಲರಿ ಅತ್ತಿ."

ಅದ ವಾರ ಹಲಗೇರಿಯಿಂದ ಸಕೀನಾಬಿ ಬಂದಳು. ಗದಿಗೆವ್ವನ ಜೋಡಿ ಹಲಗೇರಿ ಕೆರಿ ದಂಡಿಗೆ ಆಡಿ ಬೆಳದಾಕಿ. ಮೊಮ್ಮಗಳು ಜರೀನಾನ ಮದಿವಿ ಇತ್ತು. "ಎಂಟ ದಿನ ಮೊದಲ ಬರಬೇಕ ನೋಡ. ನಿನ್ನ ಸಲುವಾಗಿ ಬ್ಯಾರೆ ಒಲಿ ಹೂಡಸತೇನಿ, ಹೊಸಾ ಭಾಂಡೆ ತಗಸತೇನಿ," ಅಂದಳು. ವಿಜಯಮಹಾಂತೇಶ ಅಲ್ಲೇ ಕುಂತಿದ್ದಾ. ಶುಗರ್ ಐತಿ, ಬಿಪಿ ಐತಿ, ಸೀಜನ್ ಐತಿ, ಅವ್ವ ಎಲ್ಲೂ ಬರೂದಿಲ್ಲ ಅಂತ ತಾನ ಹೇಳಿಬಿಟ್ಟಾ. ಗದಿಗೆವ್ವ ಸೊಂಟದ ಕೀಲಿಕೈ ಹಿಡಕೊಂಡು ಕುಂತಳು. ಇಡೀ ಮನಿ ಕೀಲಿಕೈ ಸೊಂಟದಾಗ ಇಟ್ಟುಕೊಂಡಾಕಿಗೆ ಒಂದ ಹೊಸಲಾ ದಾಟೂ ಮುಕತ್ಯಾರಿ ಇರಲಿಲ್ಲ ಅನ್ನೂದು ಸುಧಾರಾಣಿಗೆ ಅವತ್ತ ಕಂಡಿತು. ಪಾಪ ಅನಿಸಿತು. ಸ್ವಲ್ಪ ಹಿತಾನೂ ಅನಿಸಿತು, ಸುಳ್ಳ ಯಾಕ ಹೇಳಬೇಕು.

ಮರುದಿನ ಊಟಕ್ಕ ಕುಂತಾಗ ಗದಿಗೆವ್ವ ಎಲ್ಲಾರಿಗೂ ಕೇಳೂಹಂಗ ಹೇಳಿದಳು: "ನಾ ಮಾಳಿಗಿ ಖೋಲಿಯಾಗ ಹನ್ನೊಂದ ದಿನ ಮೌನ ಅನುಷ್ಠಾನ ಕುಂದ್ರಾಕಿ. ಸುಧಾ ಒಬ್ಬಾಕೀನ ತಾಟ ತಂದ ಕೊಡಬೇಕು. ಏನರ ಕೇಳೂದಿದ್ದರ ಆಕೀ ಕಡೆ ಹೇಳಿ ಕಳಸ್ರಿ. ಪೂಜಿ ಗಂಟಿ ಒಂದ ಸಲ ಬಾರಿಸಿದರ ಹೂಂ, ಎರಡ ಸಲ ಬಾರಿಸಿದರ ಬ್ಯಾಡ." ದೇವರ ಕೆಲಸಕ್ಕ ಬ್ಯಾಡ ಅನ್ನವರ ಯಾರು. ವಿಜಯಮಹಾಂತೇಶ ಕೈ ಮುಗದಾ. ಇದು ಲಾಮಾನ ಆಟ ಅಂತ ಸುಧಾರಾಣಿ ಒಬ್ಬಾಕಿಗೆ ತಿಳೀತು, ರಾತ್ರಿ ಅತ್ತಿ ಸೊಸಿ ಕೂಡಿ ಉಳದದ್ದ ಗೊತ್ತ ಮಾಡಿದರು.

ಮಗ್ಗಲ ಮನಿ ಜುಬೇದಾ ಸಕೀನಾಬಿಯ ಸ್ವಂತ ತಂಗಿ. ಎರಡೂ ಮನಿ ಮಾಳಿಗಿ ಕೂಡೇ ಇದ್ದವು. ಬೆಳಕ ಹರಿಯೂದರೊಳಗ ಗದಿಗೆವ್ವ ಖೋಲಿಯ ಹಿತ್ತಲ ಬಾಗಲದಿಂದ ಮಾಳಿಗಿಗೆ ಹೊಂಟು, ಹರವಿದ ಕಾಯಿ ತುಳಕೋತ ಜುಬೇದಾನ ಮನಿಗೆ ಇಳದು, ಆಕಿ ಬುರ್ಖಾ ಹಾಕ್ಕೊಂಡು, ಹಲಗೇರಿಗೆ ಹೋಗಾಕ ರಾಣೇಬೆನ್ನೂರ ಬಸ್ ಹತ್ತಿದಳು. ಸ್ಟ್ಯಾಂಡಿನಾಗ ಎದುರಿಗೆ ಬಂದ ಸ್ವಂತ ಮಗಾ ಸರದು ದಾರಿ ಬಿಟ್ಟನಂತ.

ಇತ್ತಾಗ ಸುಧಾರಾಣಿಯ ರಾಜ್ಯಾ ಸುರುವಾತು. ಮುಂಜಾನಿ ಒಂದ ತಾಟ, ಸಂಜಿಗೊಂದ ತಾಟ. ಅನುಷ್ಠಾನದ ಊಟ ಅಂತ ದೊಡ್ಡ ಸೊಸಿ ಭುವನಾ ಬೆಣ್ಣಿ ಹಾಕಿದ್ದ ಹಾಕಿದ್ದು. ತಾಟ ಖಾಲಿ ಹೋಗಬೇಕಲ್ಲ, ಸುಧಾರಾಣಿ ಒಳಗ ಕುಂತು ಉಂತಿದ್ದಳು, ಹೊರಗ ಬಂದು ಮತ್ತ ಎಲ್ಲಾರ ಕೂಡ ಉಂತಿದ್ದಳು. ನಾಕ ದಿನದಾಗ ಕುಬಸ ಬಿಗಿ ಆತು. ಭುವನಾ ಆಕಿ ಹೊಟ್ಟಿ ನೋಡಿ, ಕಿವಿಯೊಳಗ "ಎಷ್ಟ ತಿಂಗಳಾತವ್ವಾ?" ಅಂತ ಕೇಳಿದಳು.

ಹುಕುಂಗಳೂ ಹೊರಗ ಬಂದವು. ಭುವನಾ ಮದಿವಿ ಆದಾಗಿಂದ ಒಂದ ಮಿಕ್ಸರ್ ಬೇಕ ಅಂತಿದ್ದಳು, ಅತ್ತಿ ಕಲ್ಲಿನ ರುಚಿ ಬರೂದಿಲ್ಲ ಅಂತಿದ್ದಳು. ಸುಧಾರಾಣಿ ಒಳಗ ಹೋದಳು. ಗಂಟಿ ಒಂದ ಸಲ ಆತು. ಶಶಿಕಾಂತ ಜರ್ದಾ ಪಾನಿನ ಮಾತ ಕೇಳೂದ ಇರಲಿಲ್ಲ, ಆದರ ಸುಧಾರಾಣಿ ಅವನ ಪರವಾಗಿ ತಾನ ಕೇಳಿ ಬಂದಳು. ಎರಡ ಸಲ ಆತು, ಜೋರಾಗೆ. ಅಂವ ಅಂಗಳದಾಗ ಹೋಗಿ ಉಗುಳಿ ಬಂದಾ. ಲಾಮಾನ ಸೇವಾದವರು ಯಾಕ ಐವತ್ತು ವರ್ಷ ಎಳದರು ಅನ್ನೂದು ಆಕಿಗೆ ಈಗ ತಿಳದಿತ್ತು.

ಆದರ ಒಂದ ಮಾತಿಗೆ ಮಾತ್ರ ಗಂಟಿ ಬಾರಸಾಕ ಕೈ ಏಳಲಿಲ್ಲ. ಎರಡ ಸಂಜಿ ಗಂಟಿ ಹಿಡಕೊಂಡು ಕುಂತಳು. ಒಂದ ಸಲ ಅಲ್ಲಾಡಿಸಿದರ ಗುತ್ತಲ ತನ್ನದು. ಮಿಕ್ಸರಿನ ಹೂಂ ಕದ್ದರ ನಡೀತೈತಿ, ಇದು ನಡಿಯೂದಿಲ್ಲ ಅನಿಸಿತು. ಅತ್ತಿ ಖರೇನ ಹೂಂ ಅನ್ನಬೇಕಾಗಿತ್ತು ಆಕಿಗೆ. ಅಷ್ಟಕ್ಕ ಅಳು ಬಂತು.

ಆ ಹೊತ್ತಿಗೆ ವಿಜಯಮಹಾಂತೇಶ ಒಂದ ಮುಂಜಾನಿ ಚಾ ಕುಡಿಯೂದ ಬಿಟ್ಟು ಮ್ಯಾಲೆ ನೋಡಿದಾ.

"ಅವ್ವ ಸೀನವಲ್ಲಳಲ್ಲ."

"ಮೌನ ಐತಲ್ಲರಿ," ಅಂದಳು ಭುವನಾ.

"ಬಾಯಿಗೆ ಮೌನ. ಮೂಗಿಗೆ ಎಲ್ಲೀ ಮೌನ?"

ಸುಧಾರಾಣಿ ಅಡಗಿಮನಿಗೆ ಸರದಳು. ಎಲ್ಲಾ ವಿಚಾರ ಮಾಡಿದ್ದರು, ಸೀನು ಮರತಿದ್ದರು. ಭೂತಾನದಾಗ ಈ ತಾಪತ್ರಯ ಇರಲಿಲ್ಲ. ಮರುದಿನ ಲಗೂನ ಎದ್ದು ಖೋಲಿಗೆ ಹೋಗಿ ಒಣಾ ಕಾಯಿ ಮುರದು, ಬೀಜ ಮೂಗಿಗೆ ಹಿಡಕೊಂಡಳು. ಬ್ಯಾಡಗಿ ಗಾಳಿ ರೂಢಿಯಾದ ಮೂಗು, ಬರಲೇ ಇಲ್ಲ. ಕಡೀಕ ಖಾರಪುಡಿ ಚೂರು ಏರಿಸಿದಳು. ಆವಾಗ ಬಂತು ನೋಡ್ರಿ. ಒಳಗ ಸೀನಿದಳು, ಸೀನಕೋತ ಬಾಗಲಾ ತಗದಳು, ಸೀನಕೋತ ಪಾವಟಿಗಿ ಇಳದಳು. ಕೆಳಗ ಭಾವ ನಿಂತಿದ್ದಾ.

"ನಿನಗ ಯಾಕ ಬಂತು?"

"ಅತ್ತಿಯವರದು ಹತ್ತಿತರಿ ಭಾವಾರ," ಅಂದಳು, ಮತ್ತೊಂದ ಸೀನಿದಳು.

ಅಂವ ಮ್ಯಾಲೆ ಖೋಲಿ ಬಾಗಲಾ ಒಮ್ಮೆ ನೋಡಿ ಪ್ಯಾಟಿಗೆ ಹೋದಾ. ಸಂಜಿಗೆ ಪ್ಯಾಟಿಯಿಂದ ಬಂದು, ಎಲ್ಲಾರನ್ನೂ ಪಡಸಾಲಿಯಾಗ ಕೂಡಿಸಿ, ನಕ್ಕೋತ ಅಂದಾ: "ಸುಧಾ, ನಿನ್ನ ಗುತ್ತಲದ ಮಾತ ಇವತ್ತ ಹರದ ಹೋಗಲಿ. ಹೋಗಿ ಅವ್ವನ ಕೇಳು. ಹೂಂ ಅಂದರ ನಾ ಅಡ್ಡ ಬರೂದಿಲ್ಲ."

ಅದು ಅಂವ ಬೀಸಿದ ಬಲಿ ಅಂತ ಸುಧಾರಾಣಿಗೆ ತಿಳೀತು. ಗಂಟಿ ಒಂದ ಸಲ ಬಾರಿಸಿದರ, ಅವ್ವ ಇದಕ್ಕ ಹೂಂ ಅನ್ನಾಕಿ ಅಲ್ಲ ಅಂತ ಅಂವ ಬಾಗಲಾ ತಗಸತಾನ. ಬಾರಿಸದಿದ್ದರ ಗುತ್ತಲ ಹೋತು. ಸಂಜಿ ತಾಟ ಹಿಡಕೊಂಡು ನಿಂತಳು.

"ನಾ ಕೇಳೂದಿಲ್ಲರಿ ಭಾವಾರ," ಅಂದಳು. "ಅತ್ತಿಯವರು ಹೊರಗ ಬಂದು, ಬಾಯಿಲೆ ಹೇಳಿದರ ಹೋಗತೇನಿ."

"ಹಂಗಾರ ನಾನ ಕೇಳತೇನಿ," ಅಂತ ಅಂವ ಎದ್ದಾ. ಪಾವಟಿಗಿ ಹತ್ತಿದಾ. ಹಿಂದ ಶಶಿಕಾಂತ, ಅವನ ಹಿಂದ ಭುವನಾ, ಎಲ್ಲಾರ ಹಿಂದ ತಾಟ ಹಿಡಕೊಂಡು ಸುಧಾರಾಣಿ. ಇನ್ನ ತವರುಮನಿಗೆ ಹೋಗೂ ಬಸ್ ಎಷ್ಟಕ್ಕೈತಿ ಅಂತ ಆಕಿ ಲೆಕ್ಕಾ ಹಾಕಾಕತ್ತಿದ್ದಳು. ವಿಜಯಮಹಾಂತೇಶ ಚಿಲಕಕ್ಕ ಕೈ ಹಾಕಿದಾ.

ಒಳಗ ಸೀನು ಬಂತು.

ಆಮ್ಯಾಲೆ ಇನ್ನೊಂದ, ಮತ್ತೊಂದ, ಕಿಡಕಿ ಬಾಗಲಾ ನಡಗೂಹಂಗ ಸಾಲಾಗಿ. ವಿಜಯಮಹಾಂತೇಶ ಚಿಲಕ ಬಿಟ್ಟು ಗಲ್ಲಾ ಬಡಕೊಂಡಾ. "ತಪ್ಪಾತಬೇ ಅವ್ವಾ. ಸುಧಾ ಗುತ್ತಲಕ್ಕ ಹೋಗಲ್ಯಾ ಅಂತ ಕೇಳಾಕ ಬಂದೇನಿ ಅಷ್ಟ."

ಗಂಟಿ ಒಂದ ಸಲ ಆತು. ಎಲ್ಲಾರೂ ಎರಡನೇದಕ್ಕ ಉಸಿರ ಹಿಡದರು. ಎರಡನೇದು ಬಂತಂದರ ಗುತ್ತಲ ಹೋತು. ಕೆಳಗ ಓಣಿಯಾಗ ಒಂದ ಟೆಂಪೊ ಹೋತು. ಎರಡನೇದು ಬರಲಿಲ್ಲ.

ಸುಧಾರಾಣಿ ಒಳಗ ಹೋಗಿ ಬಾಗಲಾ ಹಾಕ್ಕೊಂಡಳು. ಗದಿಗೆವ್ವ ಗೋಡಿಗೆ ಆತಕೊಂಡು ಕುಂತಿದ್ದಳು. ಹಸ್ತಕ್ಕ ಮದರಂಗಿ, ಅಂಗಾಲಿಗೆ ಮೆಣಸಿನಕಾಯಿ ಬಣ್ಣ, ಎರಡೂ ಕೆಂಪ.

"ಮಧ್ಯಾಹ್ನನ ಬಂದೆ," ಅಂತ ಪಿಸಗುಟ್ಟಿದಳು. "ನೀ ಕೆಳಗ ನಿಂತು ಹೇಳಿದ್ದು ಕೇಳಿದೆ. ಮನಿ ಎಲ್ಲಾ ಆಳಿದಾಕಿ, ನಿನ್ನ ಸಲುವಾಗಿ ಒಂದ ಗಂಟಿ ಬಾರಸಾಕ ಬರಲಿಲ್ಲೇನ?"

"ಆ ಹೂಂ ನಿಮ್ಮದ ಬೇಕಾಗಿತ್ತರಿ."

ಗದಿಗೆವ್ವ ಅಂಗಾಲಿನ ಬಣ್ಣ ಸೆರಗಿಲೆ ಒರಸಿಕೊಂಡಳು. "ಒಂದ ಬಸ್ ಹತ್ತಾಕ ನಾ ಈ ವಯಸ್ಸಿನಾಗ ದೇವರ ಹೆಸರ ಹೇಳಬೇಕಾತು, ಮಾಳಿಗಿ ಹಾರಬೇಕಾತು. ನೀ ದಿನಾ ಹತ್ತಾಕಿ. ನಿನಗ ಯಾಕ ಆ ಸುಳ್ಳ." ಆಮ್ಯಾಲೆ ಸೊಸಿಯ ಕುಬಸದ ಕಡೆ ನೋಡಿ ತಾಟ ಹತ್ರ ಎಳಕೊಂಡಳು. "ಇನ್ನ ನನ್ನ ಊಟ ನಾ ಉಣ್ಣತೇನಿ. ಮಿಕ್ಸರ್ ಬಂದೈತಂತಲ್ಲ, ಜುಬೇದಾ ಹೇಳಿದಳು. ಅದರ ವಿಚಾರ ಮೌನ ಮುಗದಮ್ಯಾಲೆ."

ಜೂನಿನಾಗ ಸುಧಾರಾಣಿ ಗುತ್ತಲಕ್ಕ ಹೋದಳು. ಮೊದಲನೇ ದಿನ ಪುಸ್ತಕ ತಗೀಲಾರದ ಭೂತಾನದ ಲಾಮಾನ ಕತಿ ಹೇಳಿದಳು. ಹಿಂದಿನ ಬೆಂಚಿನ ಒಬ್ಬ ಹುಡುಗಿ ಎದ್ದು ನಿಂತು, ಹಂಗಾರ ಆ ಊಟ ಯಾರ ಉಂತಿದ್ದರ್ರೀ ಮೇಡಂ ಅಂತ ಕೇಳಿದಳು.

"ತಾಟ ಒಯ್ದವರ ಉಂತಿದ್ದರು," ಅಂದಳು ಸುಧಾರಾಣಿ. "ಇದು ಪರೀಕ್ಷಾಕ್ಕ ಬರೂದಿಲ್ಲ, ಆದರ ಖರೇ ಐತಿ."